ಮೂರನೆಯವರು ಬೇಕಾಗಿದ್ದಾರೆ

ಅಂಕಿಗಳಿಗೆ ಹೆದರುವವರು ಎಲ್ಲ ಸೀಮೆಗಳಲ್ಲೂ ಇದ್ದಾರೆ. ಆದರೆ ನಮ್ಮ ದುರ್ಗದ ಸೀಮೆಯವರಷ್ಟು ಅಚ್ಚುಕಟ್ಟಾಗಿ ಹೆದರುವವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ನಾನೂ ಈ ಸೀಮೆಯವನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಹೆಮ್ಮೆಯೇ. ಮದರಾಸಿನ ವಿಶ್ವವಿದ್ಯಾನಿಲಯ ನನಗೆ ಗಣಿತದಲ್ಲಿ ಬಿ.ಎ. ಕೊಟ್ಟಿತು. ಅಂಕಿ ಇರುವುದು ಎಣಿಸುವುದಕ್ಕೆ ಎಂದು ಅಲ್ಲಿ ಕಲಿಸಿದರು. ಅಷ್ಟೇ ಅಲ್ಲವೆಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳು ಸೇರಿ ತಿದ್ದಿದವು. ನನ್ನ ಪಾಲಿಗೆ ಬಂದ ತಾಲ್ಲೂಕುಗಳು ನಾಲ್ಕಾದದ್ದು ಪುಣ್ಯ. ಮೂರಾಗಿದ್ದರೆ ಕೆಲಸದ ಆರ್ಡರನ್ನು ನನ್ನ ತಾಯಿ ಒಲೆಗೆ ಹಾಕುತ್ತಿದ್ದರು.

ಆಗ ನಾನು ಶಾಲೆಗಳ ಇನ್ಸ್‌ಪೆಕ್ಟರು. ಧರ್ಮಪುರದ ಹೋಬಳಿಯ ಒಂದು ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಸಬೇಕೆಂಬುದು ನನ್ನ ಹಟ. ಅಲ್ಲಿನ ಗಂಡುಹುಡುಗರ ಶಾಲೆಯ ಕಿಟಕಿಯ ಹೊರಗೆ ಹುಡುಗಿಯರು ನಿಂತು ಪಾಠ ಕೇಳುತ್ತಿದ್ದುದನ್ನು ನೋಡಿದ್ದೆ. ಒಳಗೆ ಕೂತವರು ಮಗ್ಗಿಯಲ್ಲಿ ತಡವರಿಸಿದರೆ ಹೊರಗಿನಿಂದ ಇವರು ಹೇಳಿಕೊಡುತ್ತಿದ್ದರು. ನಾನು ಬಿಡದೆ ಬರೆದೆ, ಬರೆದು ಕಾಡಿದೆ. ಕೊನೆಗೆ ಬೆಂಗಳೂರಿಗೆ ಕರೆಸಿ ಮೇಲಿನವರು ಒಂದು ಮಾತು ಹೇಳಿದರು. ವಿದ್ಯಾ ಇಲಾಖೆಯ ದೊಡ್ಡ ಸಾಹೇಬರು ಬಂದು ನೋಡುವ ದಿನ ಹತ್ತು ಹುಡುಗಿಯರು ಕೂತಿದ್ದರೆ ಶಾಲೆ ಮಂಜೂರು. ಇಲ್ಲದಿದ್ದರೆ ಮತ್ತೆ ಕೇಳಕೂಡದು.

ಹತ್ತು ನನಗೆ ಸುಲಭವಾಗಿ ಕಂಡಿತು. ಹತ್ತಕ್ಕೆ ಹೋಗುವ ದಾರಿಯಲ್ಲಿ ಮೂರು ಇದೆ ಎಂಬುದು ಹೊಳೆಯಲಿಲ್ಲ.

೧. ಜಗಲಿಯ ಅತಿಥಿ

ಈ ಸಂತೋಷದ ಸುದ್ದಿ ಹೊತ್ತು ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಬಂದೆ. ಮಟಮಟ ಮಧ್ಯಾಹ್ನ. ಕೋಟೆಯ ಬಂಡೆಗಳೆಲ್ಲ ಕಾದು ಊರಿನ ಮೇಲೆ ಉಸಿರು ಬಿಡುತ್ತಿದ್ದವು. ಜಟಕಾದಿಂದ ಇಳಿದು ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ತಾಯಿ ಬಾಗಿಲಿಗೆ ಅಡ್ಡ ನಿಂತರು.

"ಅಲ್ಲೇ ನಿಂತ್ಕ. ನೀನು ಹೋಗಿ ಇವತ್ತಿಗೆ ಎಷ್ಟು ದಿನ?"

ಎಣಿಸಿದೆ. ಒಂಬತ್ತು. ಮನೆ ಬಿಟ್ಟು ಹೋದವನು ಒಂಬತ್ತನೆಯ ದಿನ ಹೊಸ್ತಿಲು ದಾಟಿ ಒಳಗೆ ಬರಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಇದಕ್ಕೆ ಆಧಾರವೇನೆಂದು ನಾನು ಕೇಳಿದೆ. ಆಧಾರವಾಗಿ ಅವರು ಬಾಗಿಲು ಹಾಕಿದರು. ಒಳಗಿನಿಂದ ದನಿ ಮಾತ್ರ ಬಂತು.

"ನಾಳೆ ಬಾ. ಅಲ್ಲೀತನಕ ಎಲ್ಲಾರ ಇರು. ಜೋಗಿಮಟ್ಟಿ ಗುಡ್ಡಕ್ಕೆ ಹೋಗು, ನೆರಳೈತೆ."

"ಅಲ್ಲಿ ಚಿರತೆಗಳಿವೆಯಮ್ಮ."

"ಚಿರತೆ ಒಂಬತ್ತು ನೋಡಲ್ಲ."

ನಾನು ಜಗಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ತಾಯಿ ತಟ್ಟೆ ಹಿಡಿದು ಬಂದರು. ಮುದ್ದೆ, ಸಾರು, ಮೇಲೆ ತುಪ್ಪ. ಅವರ ಹಿಂದೆ ನನ್ನ ಹೆಂಡತಿ ಕದದ ಮರೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ತಾಯಿ ನನ್ನನ್ನು ಗುರುತೇ ಇಲ್ಲದವರಂತೆ ನೋಡಿ, "ಯಾವೂರಾತ್ರಿ? ಬಿಸಿಲಾಗೆ ಬಂದೀರಿ. ಉಂಡು ಹೋಗ್ರಿ" ಅಂದರು.

ಹೆತ್ತ ತಾಯಿ ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ನಾನೂ ಬಿಡಲಿಲ್ಲ.

"ಇದೇ ಊರಿನವನು ತಾಯಿ. ನಮ್ಮಮ್ಮ ಮನೆಯೊಳಗೆ ಸೇರಿಸಲಿಲ್ಲ."

ಅವರು ಮುದ್ದೆಯ ಮೇಲೆ ಇನ್ನೊಂದು ಚಮಚ ತುಪ್ಪ ಬಿಟ್ಟು, "ಆಯಮ್ಮ ಬಲೇ ಬುದ್ಧಿವಂತೆ ಇರ್ಬೇಕು. ಮಗನಿಗೇ ಅದು ಬಂದಿಲ್ಲ ಅಂತ ಕಾಣ್ತೈತೆ" ಅಂದರು.

೨. ಹದಿನಾಲ್ಕನೆಯ ಕುರ್ಚಿ

ಶಾಲೆಗೆ ಬಾಗಿಲೂ ಕರಿಹಲಗೆಯೂ ಬೇಕಾಗಿದ್ದವು. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಅಲ್ಲಿ ಮಿಕ್ಕ ಹಲಗೆಗಳು ರಾಶಿ ಬಿದ್ದಿವೆ ಎಂದು ಕೇಳಿ, ನಾಲ್ಕು ಹಲಗೆ ಬೇಡೋಣವೆಂದು ಎಂಜಿನಿಯರ್ ದೊರೆಯ ಬಂಗಲೆಗೆ ಹೋದೆ. ಒಳಗೆ ಚಹಾ ಕೂಟ. ನನ್ನನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸಿದರು.

ಬಹಳ ಹೊತ್ತಾಯಿತು. ಒಳಗೆ ಮಾತು ನಿಂತುಹೋಗಿತ್ತು. ಬಟ್ಟಲ ಸದ್ದೂ ಇಲ್ಲ. ಆದರೂ ಯಾರೂ ಹೊರಗೆ ಬರಲಿಲ್ಲ. ಕೊನೆಗೆ ಬಟ್ಲರ್ ಓಡಿ ಬಂದ. ಹಿರಿಯೂರಿನವನೇ.

"ಬರ್ರಿ ಸ್ವಾಮಿ, ದೊರೆಸಾನಿ ಕರೀತಾರೆ. ಬಂದು ಕುಂತ್ಕಳ್ರಿ."

"ನನ್ನ ಅರ್ಜಿ ನೋಡಿದರೇನು?"

"ಅರ್ಜಿ ಯಾರಿಗೆ ಬೇಕು ಸ್ವಾಮಿ? ಮೇಜಿನ ಸುತ್ತ ಹದಿಮೂರು ಜನ ಅವ್ರೆ. ಹದಿಮೂರು ಜನ ಕುಂತ್ರೆ ಮೊದ್ಲು ಎದ್ದೋರು ವರ್ಷದೊಳಗೆ ಸಾಯ್ತಾರಂತೆ. ತಿಂದು ಕುಡಿದು ಆಗೇ ಹೋಗೈತೆ, ಒಬ್ರೂ ಏಳ್ತಾ ಇಲ್ಲ. ನಾನು ಪಾತ್ರೆ ತೊಳೆಯೋದು ಯಾವಾಗ?"

ಒಳಗೆ ಹೋದೆ. ಬಿಳಿಯರೂ, ಅವರ ನಡುವೆ ಇಬ್ಬರು ಮೂವರು ನಮ್ಮ ದೊಡ್ಡ ಅಧಿಕಾರಿಗಳೂ ಕುರ್ಚಿಗಳಿಗೆ ಅಂಟಿಕೊಂಡಂತೆ ಕೂತಿದ್ದರು. ದೊರೆಸಾನಿ ಕೂತಲ್ಲಿಂದಲೇ ಕೈಚಾಚಿ ಕುರ್ಚಿ ಎಳೆದು ಕೊಟ್ಟರು. ಕಾಲೇಜಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿದ್ದೆ. ಆ ವಿದ್ಯೆಯಿಂದ ದೊರಕದ ಜಾಗ ಹದಿನಾಲ್ಕನೆಯವನಾದದ್ದರಿಂದ ದೊರಕಿತು.

ನಾನು ಕೂತೆ. ಕೂತದ್ದೇ ತಡ, ಹದಿಮೂರು ಜನವೂ ಒಟ್ಟಿಗೆ ಎದ್ದರು. ಮೇಜಿನ ಹತ್ತಿರ ನಾನೂ ಕೇಕೂ ಉಳಿದೆವು.

ಹಲಗೆ ಸಿಕ್ಕಿತು. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟರು, ಜೀವ ಉಳಿಸಿದವನಿಗೆ ಕೊಡುವ ಹಾಗೆ. ಗಾಡಿಗೆ ಹೇರುವಾಗ ಬಟ್ಲರನಿಗೆ, "ನೋಡಯ್ಯಾ, ನಾವು ಮೂರಕ್ಕೆ ಹೆದರುತ್ತೇವೆ, ಅವರು ಹದಿಮೂರಕ್ಕೆ. ಹೆದರಿಕೆಯಲ್ಲೂ ಅವರು ನಮಗಿಂತ ಹತ್ತು ಮುಂದೆ" ಎಂದೆ.

ಅವನಿಗೆ ಸಿಟ್ಟು ಬಂತು. "ನಮ್ದೇ ವಾಸಿ ಬಿಡ್ರಿ ಸ್ವಾಮಿ. ಬೇಗ ಎಣಿಸಿ ಮುಗೀತೈತೆ."

೩. ಹೊಸದುರ್ಗದ ಹೋಳಿಗೆ

ಇನ್ನು ಮಾಸ್ತರು ಬೇಕು. ಹೆಣ್ಣುಮಕ್ಕಳಿಗೆ ಪಾಠ ಹೇಳುವವರ ತಲೆ ಪೂರ್ತಿ ನರೆತಿರಬೇಕು ಎಂಬುದು ಆ ಊರಿನವರ ಷರತ್ತು. ಹೊಸದುರ್ಗದಲ್ಲಿ ಅಂಥ ತಲೆಯ ಪಿಂಚಣಿ ಮಾಸ್ತರೊಬ್ಬರಿದ್ದರು. ಅವರಿಗೆ ಮನಸ್ಸಿತ್ತು. ಅಪ್ಪಣೆ ಕೊಡಬೇಕಾದವರು ಅವರ ಹೆಂಡತಿ.

ಆಕೆ ನನ್ನನ್ನು ಊಟಕ್ಕೆ ಕೂರಿಸಿದರು. ತೆಂಗಿನ ತೋಟದ ಮನೆ. ಹೋಳಿಗೆ, ಮೇಲೆ ಧಾರಾಳವಾಗಿ ಕಾಯಿಹಾಲು. ಎರಡು ತಿಂದೆ. ಇನ್ನೊಂದಕ್ಕೆ ಹೊಟ್ಟೆಯಲ್ಲಿ ಜಾಗವಿತ್ತು, ಎರಡಕ್ಕೆ ಇರಲಿಲ್ಲ. ಆಕೆ ಎರಡು ಹಿಡಿದು ಬಂದರು.

"ಒಂದು ಸಾಕಮ್ಮ."

"ಒಂದು ಹಾಕಿದ್ರೆ ಮೂರಾಗ್ತೈತಲ್ರಿ. ಎರಡು ಹಾಕಿಸ್ಕಳ್ರಿ."

ಮಾಸ್ತರು ಮೂಲೆಯಿಂದ ನನಗೆ ಕಣ್ಣಿನಲ್ಲೇ ಕೈಮುಗಿದರು. ಆದರೆ ಜಗಲಿಯ ಊಟ ನನಗೆ ಇನ್ನೂ ಜೀರ್ಣವಾಗಿರಲಿಲ್ಲ. ಮೂರು ಎಂಬುದು ಎರಡಕ್ಕೂ ನಾಲ್ಕಕ್ಕೂ ನಡುವೆ ಇರುವ ಒಂದು ಸಂಖ್ಯೆ, ಅದಕ್ಕಿಂತ ಹೆಚ್ಚಿನ ಕೇಡು ಅದರಲ್ಲಿಲ್ಲ ಎಂದು ವಿವರಿಸಿದೆ. ಒಂದೇ ಹಾಕಿದರೆ ತಿನ್ನುವೆ, ಇಲ್ಲದಿದ್ದರೆ ಕೈತೊಳೆಯುವೆ ಎಂದೆ.

"ಒಳ್ಳೇ ಕೆಲಸಕ್ಕೆ ಇವರನ್ನ ಕರ್ಯಾಕೆ ಬಂದೀರಿ. ಮೂರು ತಿಂದು ಎದ್ರೆ ನಾನು ಹೆಂಗೆ ಕಳಿಸ್ಲಿ?"

ಮಾಸ್ತರಿಲ್ಲದೆ ಶಾಲೆಯಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಬಿ.ಎ. ಅಡ್ಡ ಬಂತು. ಎಲೆಯ ಮೇಲೆ ಕೈ ಅಡ್ಡ ಹಿಡಿದು ಕೂತೆ. ಆಕೆ ಎರಡು ಹೋಳಿಗೆಯನ್ನೂ ಹಿಡಿದುಕೊಂಡೇ ಒಳಗೆ ಹೋದರು. ಒಲೆಯ ಮೇಲೆ ಕಾವಲಿ ಇಟ್ಟ ಸದ್ದಾಯಿತು. ಆಮೇಲೆ ಬಿಸಿಬಿಸಿಯಾಗಿ ಒಂದೇ ಒಂದು ಹೋಳಿಗೆ ತಂದು ಎಲೆಗೆ ಹಾಕಿದರು.

ನಾನು ಗೆದ್ದೆ. ಗೆದ್ದ ಹೋಳಿಗೆ ಸ್ವಲ್ಪ ದಪ್ಪನಾಗಿಯೇ ಇತ್ತು. ಸುಮ್ಮನೆ ತಿಂದು ಮುಗಿಸಿದೆ.

ಕೈಗೆ ನೀರು ಹಾಕುತ್ತಾ ಆಕೆ ಗಂಡನಿಗೆ, "ಹೊಂಡ್ರಿ, ಬಟ್ಟೆ ಕಟ್ಕಳ್ರಿ. ಶಕುನ ಚಲೋ ಐತೆ" ಅಂದರು.

"ಮೂರು ತಿಂದೆನಲ್ಲಮ್ಮ?"

"ಅದು ಒಂದರ ಮೇಲೊಂದು ಎರಡು ಇಟ್ಟು ತಟ್ಟಿದ್ದು ಕಣ್ರಿ."

ಮೂರೇ ತಿಂದೆನೆಂದು ನಾನು ಇಂದಿಗೂ ಸಾಧಿಸುತ್ತೇನೆ. ಹೊಟ್ಟೆ ಮಾತ್ರ ಆ ದಿನ ಆಕೆಯ ಪಕ್ಷ ಹಿಡಿದಿತ್ತು.

೪. ಕಲ್ಲಿಗೆ ಟಿಕೇಟು

ಮಾಸ್ತರನ್ನು ಧರ್ಮಪುರದ ಕಡೆಗೆ ಕಳಿಸಿ, ದೊಡ್ಡ ಸಾಹೇಬರನ್ನು ಎದುರುಗೊಳ್ಳಲು ಹೊಳಲ್ಕೆರೆಯ ಸ್ಟೇಷನ್ನಿಗೆ ಹೋದೆ. ರೈಲು ತಡ. ಟಿಕೇಟಿನ ಕಿಟಕಿಯ ಮುಂದೆ ಮೂವರು ವರ್ತಕರು, ಜರಿ ರುಮಾಲು ಸುತ್ತಿಕೊಂಡು. ದಾವಣಗೆರೆಗೆ ಹೆಣ್ಣು ನೋಡಲು ಹೊರಟವರು. ಅವರಲ್ಲಿ ಹಿರಿಯನ ಬಗಲಲ್ಲಿ ವಸ್ತ್ರದಲ್ಲಿ ಸುತ್ತಿದ ತೆಂಗಿನಕಾಯಿ ಗಾತ್ರದ ಒಂದು ಕಲ್ಲು.

ಟಿಕೇಟು ಕೊಡುವ ಮಾಸ್ತರು, "ಎಷ್ಟು ಜನ?" ಎಂದರು.

"ನಾಲ್ಕು ಜನ, ಮೂರು ಟಿಕೇಟು."

"ನಾಲ್ಕನೆಯವರು ಎಲ್ಲಿ?"

ಹಿರಿಯ ಬಗಲು ತೋರಿಸಿದ. "ಮೂರು ಜನ ಶುಭಕಾರ್ಯಕ್ಕೆ ಹೋಗಬಾರ್ದಲ್ರಿ. ಅದ್ಕೆ ಇದನ್ನ ನಾಲ್ಕನೇದಾಗಿ ಕರ್ಕಂಡು ಹೊಂಟೀವಿ."

ಟಿಕೇಟಿನ ಮಾಸ್ತರಿಗೆ ಹೊತ್ತು ಹೋಗಬೇಕಾಗಿತ್ತೆಂದು ಕಾಣುತ್ತದೆ. ಪೆನ್ನು ಕೆಳಗಿಟ್ಟು, "ಅದು ಕಲ್ಲಾದರೆ ನೀವು ಮೂರು ಜನ. ಅದು ನಾಲ್ಕನೆಯವನಾದರೆ ಅವನಿಗೂ ಟಿಕೇಟು ಬೇಕು. ಯಾವುದು ಹೇಳಿ" ಎಂದರು.

ಮೂವರೂ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದರು. ಬಂದು, "ಅರ್ಧ ಟಿಕೇಟು ಕೊಡ್ರಿ. ಸಣ್ಣದೈತೆ" ಅಂದರು.

"ಅರ್ಧ ಟಿಕೇಟು ಹನ್ನೆರಡು ವರ್ಷದೊಳಗಿನವರಿಗೆ. ಎಲ್ಲಿಯ ಕಲ್ಲು?"

"ದುರ್ಗದ ಕೋಟೆದು!" ಎಂದು ಹಿರಿಯ ಎದೆಯುಬ್ಬಿಸಿ ಹೇಳಿದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ದುರ್ಗದವನು ಕೋಟೆಯ ವಯಸ್ಸನ್ನು ಎಂದಿಗೂ ಕಡಿಮೆ ಹೇಳಲಾರ. ಪೂರ್ತಿ ಟಿಕೇಟೇ ಕೊಂಡರು. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ.

ರೈಲು ಬಂತು. ಡಬ್ಬಿಯಲ್ಲಿ ನೂಕುನುಗ್ಗಲು. ಕಲ್ಲನ್ನು ಕಿಟಕಿಯ ಪಕ್ಕ ಕೂರಿಸಿದರು. ನಿಂತಿದ್ದ ಒಬ್ಬಾತ, ಕೈಯಲ್ಲಿ ಬೆತ್ತ, ಕೋಟಿಗೆ ಗಡಿಯಾರದ ಸರಪಳಿ, ಗದರಿದ: "ಲೇ, ಆ ಕಲ್ಲು ತೆಗೀರೋ. ಮನುಷ್ಯರು ಕೂರೋ ಜಾಗ."

ಹಿರಿಯ ಕಲ್ಲಿನ ಟಿಕೇಟನ್ನು ಅವನ ಮುಖದ ಮುಂದೆ ಹಿಡಿದು, "ಇದ್ರದ್ದು ಐತೆ, ನೋಡ್ಕಳ್ರಿ. ಎಲ್ಲಿ, ನಿಮ್ದು ತೋರಿಸ್ರಿ?" ಅಂದ.

ಆತ ಒಂದು ಸಲ ಜೇಬು ಮುಟ್ಟಿ ನೋಡಿಕೊಂಡು, ಮತ್ತೊಂದು ಡಬ್ಬಿ ಹುಡುಕಿಕೊಂಡು ಹೋದ.

೫. ಮೂರನೆಯ ಜಾಗ

ಅದೇ ರೈಲಿನಿಂದ ದೊಡ್ಡ ಸಾಹೇಬರು ಇಳಿದರು. ಎಂ.ಎ. ಮಾಡಿದವರು. ಕಲ್ಲಿನ ಕಥೆ ಹೇಳಿದೆ. ನಕ್ಕು, "ಇದಕ್ಕೆಲ್ಲ ಮದ್ದು ವಿದ್ಯೆಯೊಂದೇ" ಎಂದರು. ಇಂಥವರು ಸಿಕ್ಕಿದರಲ್ಲ ಎಂದು ನನಗೆ ಧೈರ್ಯ ಬಂತು. ಅವರಿಗೆ ದುರ್ಗದಲ್ಲೂ ಹಿರಿಯೂರಿನಲ್ಲೂ ಒಂದು ವಾರದ ಕೆಲಸವಿತ್ತು. ಎಲ್ಲ ಸಿದ್ಧವಾಗಿದೆಯೋ ನೋಡೋಣವೆಂದು ನಾನು ಮುಂದಾಗಿ ಧರ್ಮಪುರದ ಕಡೆಗೆ ಹೊರಟೆ.

ಸಿದ್ಧವಾಗಿತ್ತು. ಬಾಗಿಲಿತ್ತು, ಕರಿಹಲಗೆಯಿತ್ತು, ನರೆತ ಮಾಸ್ತರಿದ್ದರು. ಚಾಪೆಯ ಮೇಲೆ ಇಬ್ಬರು ಹುಡುಗಿಯರಿದ್ದರು.

"ಮಿಕ್ಕವರು?"

ಮಾಸ್ತರು ಅಳುವ ದನಿಯಲ್ಲಿ, "ಎಲ್ಲರೂ ಕಳಿಸುತ್ತಾರೆ ಸ್ವಾಮಿ. ನಾಲ್ಕನೆಯದಾಗಿ ಕಳಿಸುತ್ತಾರೆ" ಎಂದರು.

ಗೌಡರ ಮನೆಯ ಮುಂದೆ ಊರಿನವರನ್ನು ಸೇರಿಸಿದೆ. ಹುಡುಗಿಯರನ್ನು ಓದಿಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅದು ನನ್ನ ಊಹೆಗೆ ಮೀರಿದ ಮಾತು, ಬೇರೆ ಎಷ್ಟೋ ಊರುಗಳಲ್ಲಿ ಅಡ್ಡಿ ಅಲ್ಲೇ ಇರುತ್ತಿತ್ತು. ಇಲ್ಲಿ ಜಗಳ ನಡೆಯುತ್ತಿದ್ದದ್ದು ನಾಲ್ಕನೆಯ ಜಾಗಕ್ಕಾಗಿ.

"ನಾಲ್ಕು ನಮ್ಮ ಹುಡುಗಿ ಸ್ವಾಮಿ. ಯುಗಾದಿಗೇ ಹೇಳಿಟ್ಟೀನಿ" ಎಂದ ಒಬ್ಬ.

"ಯುಗಾದಿಗೆ ನಿನ್ನ ಹುಡುಗಿ ಗೊಬ್ಬರ ಎದ್ದು ಜ್ವರದಾಗೆ ಮಲಗಿತ್ತು, ಸುಮ್ಕಿರಲೇ. ನಾಲ್ಕು ನಮ್ದು" ಎಂದ ಇನ್ನೊಬ್ಬ.

"ಮೂರು ಯಾರದು?" ಎಂದು ಕೇಳಿದೆ. ಎಲ್ಲರೂ ಆಕಾಶ ನೋಡಿದರು. ಮೂರನೆಯವಳಾಗಿ ಹೋದ ಹುಡುಗಿಗೆ ಗಂಡ ಸಿಗುವುದಿಲ್ಲವಂತೆ.

ನಾನು ಗಣಿತ ಉಪಯೋಗಿಸಿದೆ. "ಹಾಗಾದರೆ ನಾಲ್ಕನೆಯವಳು ಮೊದಲು ಸೇರಲಿ. ಮೂರನ್ನು ಆಮೇಲೆ ನೋಡೋಣ."

ಗೌಡ ನನ್ನನ್ನು ಕನಿಕರದಿಂದ ನೋಡಿದ. "ಮೂರಿಲ್ದೆ ನಾಲ್ಕು ಎಲ್ಲಿಂದ ಬರ್ತೈತೆ ಸ್ವಾಮಿ? ನೀವು ಓದಿದೋರು!"

"ಇಬ್ಬರನ್ನು ಒಟ್ಟಿಗೆ ಕಳಿಸಿ."

"ಬಾಗಿಲಾಗೆ ಯಾರ ಕಾಲು ಮೊದ್ಲು ಬೀಳ್ತೈತೆ?"

ಸಾಹೇಬರು ಬರುವ ದಿನ ಹತ್ತಿರವಾಗುತ್ತಿತ್ತು. ಕಿಟಕಿಯ ಹೊರಗಿನ ಆ ಹುಡುಗಿಯರು ಈಗಲೂ ಜಗಲಿಯ ಕೆಳಗೆ ಸಾಲಾಗಿ ನಿಂತು ನಮ್ಮ ಬಾಯನ್ನೇ ನೋಡುತ್ತಿದ್ದರು. ಎಷ್ಟು ವರ್ಷ ಓದಿ, ಎಷ್ಟು ಕಾಗದ ಬರೆದು, ಎರಡರಿಂದ ನಾಲ್ಕಕ್ಕೆ ಹೋಗಲಾರದೆ ಕೂತಿದ್ದೆ.

ಆಗ ಗೌಡನ ತಾಯಿ ಕೋಲೂರಿಕೊಂಡು ಹೊರಗೆ ಬಂದರು. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ದನಿ ಬಾಗಿರಲಿಲ್ಲ.

"ಏನಲೇ ನಿಮ್ಮ ಗಲಾಟಿ? ಮೂರಾದ್ರೆ ಏನಾಗ್ತೈತೆ? ಗಂಡ ಸಿಗಲ್ವಾ? ನನಗೊಬ್ಬ ಸಿಕ್ಕಿದ್ದ, ಸಾಕಾಗಿ ಹೋಯ್ತು. ಹಲ್ಲು ಬೀಳ್ತಾವಾ? ಒಂದೈತೆ, ಅದೂ ಅಲ್ಲಾಡ್ತೈತೆ. ಸಾವು ಬರ್ತೈತಾ? ಬಂದು ಬಂದು ನನ್ನ ಬಾಯಿಗೆ ಹೆದರಿ ವಾಪಸ್ ಹೋಗೈತೆ. ಬರ್ಕಳ್ರಿ ಮಾಸ್ತರೇ, ಮೂರು ನಾನು. ನನ್ನ ಮೊಮ್ಮಗಳು ನಾಲ್ಕು. ಯಾವನಾದ್ರೂ ತಕರಾರು ಮಾಡಿದ್ರೆ ಕೋಲೈತೆ."

ಯಾರೂ ತಕರಾರು ಮಾಡಲಿಲ್ಲ. ಸಂಜೆಯೊಳಗೆ ಚಾಪೆ ಸಾಲದೆ ಹೋಯಿತು. ಹತ್ತು ಹುಡುಗಿಯರು, ನಡುವೆ ಅಜ್ಜಿ.

ಸಾಹೇಬರು ಬಂದರು. ಸಾಲನ್ನು ಒಮ್ಮೆ ನೋಡಿದರು. "ಈ ಮುದುಕಿ ಯಾರು? ಕಸ ಗುಡಿಸುವವರೇ?"

ಮಾಸ್ತರು ಕರಿಹಲಗೆ ಒರೆಸತೊಡಗಿದರು. ನಾನೇ ಹೇಳಿದೆ: "ಮೂರನೆಯ ವಿದ್ಯಾರ್ಥಿನಿ."

ಸಾಹೇಬರು ಹುಬ್ಬೇರಿಸಿ, ಮಕ್ಕಳಿಗೆ ಎಣಿಸಿ ತೋರಿಸಿ ಎಂದರು. ಹುಡುಗಿಯರು ಎದೆಯುಬ್ಬಿಸಿ ಒಂದೇ ರಾಗದಲ್ಲಿ ಶುರುಮಾಡಿದರು: "ಒಂದು, ಎರಡು, ಅಜ್ಜಿ, ನಾಲ್ಕು, ಐದು..." ಹತ್ತಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಕಲಿತದ್ದನ್ನೆಲ್ಲ ತೋರಿಸುವ ಉತ್ಸಾಹ ಅವರಿಗೆ. "ಹನ್ನೊಂದು, ಹನ್ನೆರಡು, ಹದಿನಜ್ಜಿ..." "ಇಪ್ಪತ್ತೆರಡು, ಇಪ್ಪತ್ತಜ್ಜಿ..."

"ಸಾಕು!" ಎಂದರು ಸಾಹೇಬರು. ನಾನು ನಡೆದದ್ದೆಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. "ಬಿ.ಎ. ಮಾಡಿದ ನೀವು ಇದನ್ನು ಒಪ್ಪಿದಿರಾ? ಮೂಢನಂಬಿಕೆಗೆ ಚಾಪೆ ಹಾಸಿ ಕೂರಿಸುವುದು ಶಾಲೆಯಲ್ಲ. ಈಕೆ ಎದ್ದು ಹೋಗಲಿ. ಆಮೇಲೂ ಹತ್ತು ಮಕ್ಕಳು ಉಳಿದರೆ ಮಂಜೂರು ಮಾಡುತ್ತೇನೆ."

ಅಜ್ಜಿ ಕೋಲೂರಿ ಎದ್ದರು.

ಬಾಗಿಲಲ್ಲಿದ್ದ ಅಜ್ಜಿಯ ಸೊಸೆ ಮಗಳನ್ನು ಕೂಗಿದಳು, "ಏಳೇ, ಎದ್ದು ಬಾರೇ!" ನಾಲ್ಕನೆಯವಳು ಈಗ ಮೂರನೆಯವಳಾಗಿದ್ದಳಲ್ಲ. ಅವಳು ಎದ್ದಳು. ಆಗ ಐದನೆಯವಳು ಮೂರನೆಯವಳಾದಳು, ಅವಳ ತಾಯಿ ಕೂಗಿದಳು. ಆಮೇಲೆ ಆರನೆಯವಳು. ಸಾಹೇಬರು ನೋಡುತ್ತಿದ್ದಂತೆಯೇ ಚಾಪೆ ಅಜ್ಜಿಯ ಜಾಗದಿಂದ ಆಚೆಗೆ, ಗೋಡೆಯವರೆಗೂ ಖಾಲಿಯಾಯಿತು. ಮೊದಲನೆಯವಳೂ ಎರಡನೆಯವಳೂ ಮಾತ್ರ ಉಳಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಶಾಲೆ ಇಷ್ಟೇ ಎಂದು ನಾನು ರುಮಾಲು ಸರಿಮಾಡಿಕೊಂಡೆ.

ಅಜ್ಜಿ ಹೋಗಿರಲಿಲ್ಲ. ಸಾಹೇಬರ ಮುಂದೆ ಬಂದು ನಿಂತು, ಖಾಲಿ ಜಾಗವನ್ನು ಕೋಲಿನಿಂದ ತಟ್ಟಿದರು.

"ಮಗಾ, ನೀನು ಎಲ್ಲರಿಗಿಂತ ಹೆಚ್ಚು ಓದಿದೋನು ಅಂತೆ. ನಿಂಗೆ ಮೂರರ ಭಯ ಇಲ್ಲ. ಇಲ್ಲಿ ಒಂದು ಗಳಿಗೆ ಕುಂತ್ಕ. ನೀನು ಮೂರಾದ್ರೆ ಹುಡುಗೇರೆಲ್ಲ ಓಡಿ ಬರ್ತಾರೆ. ಬೇಕಾದ್ರೆ ಎಣಿಸ್ಕ."

ಬಾಗಿಲಲ್ಲಿ, ಕಿಟಕಿಯಲ್ಲಿ ಊರೆಲ್ಲ ನೋಡುತ್ತಿತ್ತು. ಸಾಹೇಬರು ನಕ್ಕರು. "ಅದಕ್ಕೇನಂತೆ" ಎಂದು ಬೂಟು ಕಳಚಿದರು. ಚಾಪೆಯ ಮೇಲೆ ಕಾಲಿಟ್ಟು, ಷರಾಯಿ ಮೇಲೆಳೆದುಕೊಂಡು, ಅರ್ಧ ಬಗ್ಗಿದರು. ಬಗ್ಗಿದವರು ಹಾಗೆಯೇ ನಿಂತರು. ಆ ಜಾಗವನ್ನು ನೋಡಿದರು. ನನ್ನನ್ನು ನೋಡಿದರು.

ಇಂಗ್ಲಿಷಿನಲ್ಲಿ, ನನಗೆ ಮಾತ್ರ ಕೇಳುವಂತೆ, "ನೋಡಿ, ನನಗೆ ಬರುವ ತಿಂಗಳು ಬಡ್ತಿಯಾಗಬೇಕಾಗಿದೆ" ಎಂದರು.

ಆಮೇಲೆ ನೆಟ್ಟಗೆ ನಿಂತು, ಕನ್ನಡದಲ್ಲಿ, ಊರಿಗೆಲ್ಲ ಕೇಳುವಂತೆ, "ವಿದ್ಯೆಗೆ ವಯಸ್ಸಿನ ಮಿತಿಯಿಲ್ಲ. ಅಜ್ಜಿ ಅಲ್ಲೇ ಕೂತಿರಲಿ. ಶಾಲೆ ಮಂಜೂರು" ಎಂದರು.

ಅಜ್ಜಿ ನನ್ನ ತೋಳು ಜಗ್ಗಿದರು. "ಇಂಗ್ಲೀಷ್ನಾಗೆ ಏನಂದ?"

"ಆ ಜಾಗದಲ್ಲಿ ಕೂರುವುದಕ್ಕೆ ಧೈರ್ಯ ಬೇಕು ಅಂದರು."

"ಮತ್ತೇನು!" ಎಂದು ಅಜ್ಜಿ ಸೆರಗು ಬಿಗಿದುಕೊಂಡು ಮೂರನೆಯ ಜಾಗದಲ್ಲಿ ಕೂತರು. ಕೂತು, ಸಾಹೇಬರಿಗೆ, "ಬೂಟು ಹಾಕ್ಕಳಪ್ಪ. ಪಾಠ ಶುರು ಆಗ್ತೈತೆ" ಅಂದರು.